ಕರೆಂಟ್ ಹೋದಾಗಲೇ ಮುಗಿಸಿದ ನನ್ನ ಎಂಎ ಪ್ರಾಜೆಕ್ಟ್

ಪತ್ರಿಕೋದ್ಯಮ ಎಂಎ ಕೊನೆಯ ಸೆಮಿಸ್ಟರ್‌ಗೆ ಗುಳೇದಗುಡ್ಡದ ಖಣದ (ಕುಪ್ಪಸ ಹೊಲಿಸುವ ಕೈಮಗ್ಗದ ಬಟ್ಟೆ) ಮೇಲೆ ಆಡಿಯೊ ಡಾಕ್ಯುಮೆಂಟರಿ ಮಾಡುತ್ತೇನೆ, ಅದೂ ಮೊಬೈಲ್‌ನಲ್ಲೇ ಅಂದಾಗ ಬೆಳಗಾವಿಯ ನಮ್ಮ ಕ್ಲಾಸಿನಲ್ಲಿ ಯಾರೂ ನಂಬಲಿಲ್ಲ. ಗೈಡ್ ಸರ್ ಅಂತೂ "ಖಣ ಅಂದ್ರ ಬಣ್ಣ. ಬಣ್ಣಾ ಹೆಂಗ ಕೇಳಸ್ತಿ?" ಅಂದರು. ಗೆಳೆಯರು ದಿನಕ್ಕೆ ಸಾವಿರದ ಮೇಲೆ ಕೊಟ್ಟು ಡಿಎಸ್‌ಎಲ್‌ಆರ್ ಕ್ಯಾಮೆರಾ ಬಾಡಿಗೆಗೆ ತಂದರು. ನನ್ನ ಹತ್ತಿರ ಇದ್ದದ್ದು ಎಂಟುನೂರರ ಆಸುಪಾಸಿನ ಕಾಲರ್ ಮೈಕ್. ವೈವಾಕ್ಕೆ ಬಂದ ಎಕ್ಸ್‌ಟರ್ನಲ್ ಪರೀಕ್ಷಕರು ಪೂರ್ತಿ ಕೇಳಿದ್ದು ನನ್ನದನ್ನೇ, ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲ ಸುತ್ತಿನ ರೆಕಾರ್ಡಿಂಗ್ ಪೂರ್ತಿ ದಂಡ. ಕುಣಿಮಗ್ಗದ (ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕೈಮಗ್ಗ) ಬಡಿತ ಒಂದು ಕಡೆ, ಪಕ್ಕದ ಮನೆಯ ಪವರ್‌ಲೂಮ್ ಇನ್ನೊಂದು ಕಡೆ. ಆಡಿಯೊ ಎಡಿಟ್ ಮಾಡುವ ಆಡಾಸಿಟಿ ಸಾಫ್ಟ್‌ವೇರ್‌ನ ನಾಯ್ಸ್ ರಿಡಕ್ಷನ್ ಫ್ಯಾನಿನಂಥ ಒಂದೇ ಸಮನೆಯ ಸದ್ದಿಗೆ ಸರಿ, ಬಡಿತಕ್ಕೆ ನಡೆಯಲ್ಲ. ಜಾಸ್ತಿ ಹಾಕಿದರೆ ನೇಕಾರ ಅಜ್ಜಾರ ದನಿ ಬಾವಿಯೊಳಗಿಂದ ಬಂದಹಾಗೆ ಆಯಿತು. ಮಗ್ಗ ನಿಲ್ಲಿಸಿ ಅನ್ನೋಣ ಅಂದರೆ, "ತಮ್ಮಾ, ನಿನ್ನ ಕೂಡ ಮಾತಾಡಕೋತ ಕುಂತ್ರ ಇವತ್ತಿನ ಕೂಲಿ ಯಾರ ಕೊಡ್ತಾರ?" ಅಂದರು. ನೇಯ್ದಷ್ಟಕ್ಕೇ ದುಡ್ಡು, ಅವರು ಹೇಳಿದ್ದು ಖರೇನೇ.

ದಾರಿ ಸಿಕ್ಕಿದ್ದು ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ನೂಲು, ಮುಗಿದ ದಿನ. ಹಳೆಯ ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಕೂಡಿಸುತ್ತಾ ಕೂರುತ್ತಾರಲ್ಲ, ಆಗ ಮಗ್ಗ ನಿಂತಿರುತ್ತದೆ, ಕೈಗೆ ಕೆಲಸ ಇರುತ್ತದೆ, ಬಾಯಿ ಖಾಲಿ. ಗಂಟೆಗಟ್ಟಲೆ ಮಾತು, ಯಾರ ಕೂಲಿಯೂ ಹೋಗಲಿಲ್ಲ. ಅದರ ಜೊತೆಗೆ ಕರೆಂಟ್ ಹೋದರಂತೂ ಹಬ್ಬ, ಪವರ್‌ಲೂಮ್ ಬಂದ್, ಫ್ಯಾನ್ ಬಂದ್, ನನ್ನ ಫೋನ್ ಮಾತ್ರ ಬ್ಯಾಟರಿಯ ಮೇಲೆ ನಡೆಯುತ್ತಲೇ ಇರುತ್ತದೆ. ಓಣಿಗೆ ಯಾವಾಗ ಕರೆಂಟ್ ಹೋಗುತ್ತದೆ ಅಂತ ಮುಂಚೆಯೇ ಹೇಗೆ ಗೊತ್ತಾಗುತ್ತಿತ್ತು ಅನ್ನುವುದನ್ನು ಮಾತ್ರ ಹೇಳಲ್ಲ.

ಫೋನ್ ಏರೋಪ್ಲೇನ್ ಮೋಡಿನಲ್ಲಿ, ಫೈಲ್ ವೇವ್, 48 ಕಿಲೋಹರ್ಟ್ಸ್, ದನಿ ಏರಿದಾಗಲೂ ಲೆವೆಲ್ ಮೈನಸ್ 12 ಡೆಸಿಬಲ್‌ನ ಹತ್ತಿರ. ಮೈಕ್ ಗದ್ದದಿಂದ ಒಂದು ಗೇಣು ಕೆಳಗೆ. ಎದ್ದು ಬರುವ ಮುಂಚೆ ಸುಮ್ನೆ ಕೂತು ಒಂದು ನಿಮಿಷ ಖಾಲಿ ಕೋಣೆಯ ಸದ್ದು ಹಿಡಿಯಬೇಕು, ಎಡಿಟಿಂಗ್‌ನಲ್ಲಿ ಮಾತು ಕತ್ತರಿಸಿದ ಜಾಗಕ್ಕೆ ಅದೇ ತೇಪೆ. ಮಗ್ಗದ ಸದ್ದನ್ನು ಬೇರೆ ದಿನ ಬೇರೆಯಾಗಿ ಹಿಡಿದೆ, ಕುಣಿಯೊಳಗೆ ಕಾಲಿನಿಂದ ತುಳಿಯುವ ಕಾಲುಮಣೆಯ ಪಕ್ಕ ಮೈಕ್ ಇಟ್ಟಾಗ ಬಂದದ್ದೇ ಎಲ್ಲಕ್ಕಿಂತ ಚಲೋ ಇತ್ತು.

ಬಣ್ಣದ ವಿಷಯಕ್ಕೆ ನಾನು ಬಾಯಿಯೇ ಹಾಕಲಿಲ್ಲ. ಖಣಗಳನ್ನು ಮುಂದೆ ಹರಡಿ, ಓಣಿಯ ಅಕ್ಕಾರ ಬಾಯಲ್ಲೇ ತೇರು, ಸೂಜಿ ಮಲ್ಲಿಗೆ, ಆನೆ ಹೆಜ್ಜೆ ಅಂತ ವಿನ್ಯಾಸಗಳ ಹೆಸರು ಹೇಳಿಸಿದೆ, ಯಾವುದನ್ನು ಯಾವ ಸೀರೆಗೆ ತೊಡುತ್ತಾರೆ ಅಂತ ಜಗಳವೇ ಶುರುವಾಯಿತು. ಆ ಎರಡು ನಿಮಿಷ ಕೇಳಿದ ಮೇಲೆ ಗೈಡ್ ಸರ್ ಬಣ್ಣದ ಮಾತು ಎತ್ತಲಿಲ್ಲ.

ನಡುವೆ ವಿಡಿಯೊ ಚಪಲವೂ ಬಂತು. ಟ್ಯೂಬ್‌ಲೈಟಿನಲ್ಲಿ ಚಿತ್ರ ಮಿಣಮಿಣ ಅಂತಿತ್ತು. ನಮ್ಮ ಕರೆಂಟ್ 50 ಹರ್ಟ್ಸ್ ಅಲ್ವಾ, ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಟ್ಟರೆ ಮಿಣಮಿಣ ನಿಂತಿತು. ನಿಂತ ಮೇಲೆ ಆಸಕ್ತಿಯೂ ಹೋಯಿತು! ಗಡಿಗೆಯೊಳಗೆ ಮೈಕ್ ಇಳಿಬಿಟ್ಟೂ ನೋಡಿದೆ, ಬರೀ ಗುಂಯ್ ಅನ್ನುತ್ತದೆ, ದೆವ್ವದ ಕಥೆಗೆ ಆಗಬಹುದು. ನಿರೂಪಣೆಯನ್ನು ರೂಮಿನಲ್ಲಿ ಅವ್ವನ ಎರಡು ಕೌದಿ ಹೊದ್ದು ಓದಿದೆ. ಬೆವರು ಕೇಳಬೇಡಿ, ದನಿ ಮಾತ್ರ ಸ್ಟುಡಿಯೊದ್ದೇ.

ಖರ್ಚು ಬಸ್ಸು, ಚಹಾ, ಮೈಕ್ ಎಲ್ಲ ಸೇರಿ ನಾಲ್ಕು ಸಾವಿರದೊಳಗೆ. ಅದರಲ್ಲಿ ನೂರೈವತ್ತು, ಫೋನಿಗೆ ಮೈಕ್ ಚುಚ್ಚಲು ತಂದ ಒಂದು ಟೈಪ್-ಸಿ ಕನ್ವರ್ಟರ್‌ಗೆ ಸುಮ್ನೆ ಹೋಯಿತು. ಹಾಡು ಕೇಳಿಸುತ್ತದೆ, ಮೈಕ್ ಹಿಡಿಯಲ್ಲ. ಕೊಳ್ಳುವಾಗ ಅಂಗಡಿಯಲ್ಲೇ ಮೈಕ್ ಚುಚ್ಚಿ ರೆಕಾರ್ಡ್ ಮಾಡಿ ನೋಡಿ, ಆಮೇಲೆ ದುಡ್ಡು ಕೊಡಿ.