ಫಾಯಿಲ್ ಬೋರ್ಡ್‌ಗೆ ಪುಟ್ಟ ಮೋಟರ್: ನೀವೇ ಕೂರಿಸಿಕೊಳ್ಳುವುದು ಹೇಗೆ?

ಫಾಯಿಲ್ ಬೋರ್ಡ್ ಅಂದರೆ ತಳದಿಂದ ನೀರಿಗಿಳಿಯುವ ಕಂಬ (ಮಾಸ್ಟ್), ಅದರ ತುದಿಗೆ ರೆಕ್ಕೆ ಇರುವ ಸರ್ಫ್ ಹಲಗೆ. ಅದು ಒಮ್ಮೆ ನೀರಿನಿಂದ ಮೇಲೆದ್ದರೆ ಹೆಚ್ಚು ಶಕ್ತಿ ಬೇಡ. ಅಲೆಯೋ ಗಾಳಿ ಹಿಡಿಯಲು ಕೈಯಲ್ಲಿರುವ ಹಾಯಿಯಂಥ ವಿಂಗೋ ಎಳೆದುಕೊಂಡು ಹೋಗುತ್ತದೆ. ಕಷ್ಟವೆಲ್ಲ ಏಳುವ ಆ ಕೆಲವು ಸೆಕೆಂಡುಗಳಲ್ಲಿ. ಬೋರ್ಡ್ ಇನ್ನೂ ನೀರಿಗೆ ಅಂಟಿಕೊಂಡಿರುತ್ತದೆ, ಕೆಳಗಿನ ರೆಕ್ಕೆಗೆ ಎತ್ತುವಷ್ಟು ವೇಗ ಸಿಕ್ಕಿರುವುದಿಲ್ಲ. ಆಗ ತಳ್ಳಲು ಮಾಸ್ಟ್‌ಗೆ ಕಟ್ಟುವ ಪುಟ್ಟ ಮೋಟರೇ ಎಲೆಕ್ಟ್ರಿಕ್ ಅಸಿಸ್ಟ್. ಇ-ಫಾಯಿಲ್‌ನಲ್ಲಿ ಮೋಟರ್ ಪೂರ್ತಿ ಹೊತ್ತು ಓಡುತ್ತದೆ. ಇಲ್ಲಿ ಬೋರ್ಡ್ ಎದ್ದ ತಕ್ಷಣ ಕೈಯಲ್ಲಿರುವ ರಿಮೋಟಿನಿಂದ ಬೆರಳು ತೆಗೆಯುತ್ತೀರಿ.

ಮನೆಯಲ್ಲೇ ಇದನ್ನು ಕಟ್ಟುವವರು ಯಾವ ಮೋಟರ್, ಎಷ್ಟು ಇಂಚಿನ ಪ್ರೊಪೆಲ್ಲರ್ ಅಂತ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ವೈರಿನ ತುದಿಗೆ ಮಾತ್ರ ಹತ್ತು ನಿಮಿಷ ಕೊಡುತ್ತಾರೆ. ಕೆಟ್ಟು ಕೂತ ಕಿಟ್‌ಗಳನ್ನು ಬಿಚ್ಚಿದಾಗ ನಾನು ನೋಡಿದ್ದು ಸುಟ್ಟ ಮೋಟರ್‌ಗಿಂತ ನೀರು ನುಗ್ಗಿದ ಬ್ಯಾಟರಿ ಪೆಟ್ಟಿಗೆಯನ್ನೇ ಜಾಸ್ತಿ. ಹಾಗಾಗಿ ಇಲ್ಲಿಯೂ ನೀರು ತಡೆಯುವ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಂತ 1: ಎಷ್ಟು ಶಕ್ತಿ ಬೇಕು?

ಏಳಲು ಸುಮಾರು 200 ನ್ಯೂಟನ್, ಅಂದರೆ 20 ಕಿಲೋ ತೂಕದಷ್ಟು ತಳ್ಳುಬಲ ಬೇಕು ಅಂತ ಇಟ್ಟುಕೊಳ್ಳಿ. ಆ ಹೊತ್ತಿನ ವೇಗ ಸೆಕೆಂಡಿಗೆ 3.5 ಮೀಟರ್. ಗುಣಿಸಿದರೆ 700 ವ್ಯಾಟ್. ಸಣ್ಣ ಪ್ರೊಪೆಲ್ಲರ್ ತುಂಬಾ ಪೋಲು ಮಾಡುತ್ತದೆ. ಶೇ 40ರಷ್ಟು ಮಾತ್ರ ಕೆಲಸಕ್ಕೆ ಬಂತು ಅಂದರೆ ಬ್ಯಾಟರಿಯಿಂದ 1,750 ವ್ಯಾಟ್ ಎಳೆಯಬೇಕು. 2 ಕಿಲೋವ್ಯಾಟ್ ಅಂದುಕೊಂಡೇ ಕಟ್ಟಿ. ಸಾಲದು ಅನ್ನಿಸಿದರೆ ಮೋಟರ್ ದೊಡ್ಡದು ಮಾಡುವ ಮೊದಲು ಮುಂದಿನ ರೆಕ್ಕೆಯನ್ನು ದೊಡ್ಡದು ಮಾಡಿ. ದೊಡ್ಡ ರೆಕ್ಕೆ ಕಡಿಮೆ ವೇಗದಲ್ಲೇ ಎತ್ತುತ್ತದೆ. ಅದಕ್ಕೆ ವೈರೂ ಬೇಡ, ಚಾರ್ಜೂ ಬೇಡ.

ಹಂತ 2: ಸಾಮಾನು ಆರಿಸುವುದು

ಮೋಟರ್: 6384 ಅಳತೆಯ ಬ್ರಶ್‌ಲೆಸ್ ಔಟ್‌ರನ್ನರ್ (ಹೊರಕವಚವೇ ತಿರುಗುವ ಮೋಟರ್) ಸಾಕು. 63 ಅಂದರೆ ಮಿಲಿಮೀಟರಿನಲ್ಲಿ ಅಡ್ಡಳತೆ, 84 ಅಂದರೆ ಉದ್ದ. ಕೆವಿ, ಅಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ, 140ರಿಂದ 190ರ ನಡುವೆ ಇರಲಿ. ಮೋಟರ್ ಎಷ್ಟು ತಿರುಗಿದೆ ಅಂತ ತಿಳಿಸುವ ಹಾಲ್ ಸೆನ್ಸರ್ ಇದ್ದರೆ ಅದರ ವೈರ್ ಕತ್ತರಿಸಿ ಹಾಕಿ. ಸೆನ್ಸರ್ ಇಲ್ಲದೆಯೇ ಪ್ರೊಪೆಲ್ಲರ್ ಚೆನ್ನಾಗಿ ತಿರುಗುತ್ತದೆ. ಆ ಐದು ಸಣ್ಣ ವೈರುಗಳೆಂದರೆ ನೀರಿಗೆ ಐದು ದಾರಿ.

ಕಂಟ್ರೋಲರ್ (ಮೋಟರಿನ ವೇಗ ಹಿಡಿತದಲ್ಲಿಡುವ ಸರ್ಕಿಟ್): ವೆಸ್ಕ್ ಆಧಾರದ್ದೇ ಬೇಕು. ಸ್ವೀಡನ್ನಿನ ಬೆಂಜಮಿನ್ ವೆಡ್ಡರ್ ರೂಪಿಸಿದ ಓಪನ್ ಸೋರ್ಸ್ ಕಂಟ್ರೋಲರ್ ಇದು. ಕರೆಂಟು, ವೋಲ್ಟೇಜು, ಉಷ್ಣತೆ ಎಲ್ಲಕ್ಕೂ ನೀವೇ ಮಿತಿ ಹಾಕಬಹುದು. ಆಟಿಕೆ ದೋಣಿಗೆ ಅಂತ ಮಾರುವ, ಮೇಲೆ ‘200 ಆಂಪಿಯರ್’ ಅಂತ ಸ್ಟಿಕ್ಕರ್ ಅಂಟಿಸಿದ ಅಗ್ಗದ ಕಂಟ್ರೋಲರ್‌ಗಳ ಹತ್ತಿರ ಹೋಗಲೇಬೇಡಿ. ಆ ಸಂಖ್ಯೆ ಸ್ಟಿಕ್ಕರಿಗೆ ಮಾತ್ರ ಗೊತ್ತು.

ಬ್ಯಾಟರಿ: 21700 ಸೆಲ್‌ಗಳ (21 ಮಿಲಿಮೀಟರ್ ದಪ್ಪ, 70 ಉದ್ದ) 12ಎಸ್2ಪಿ ಪ್ಯಾಕ್, ಅಂದರೆ ಎರಡೆರಡು ಸೆಲ್ ಜೋಡಿಸಿದ 12 ಗುಂಪುಗಳ ಸಾಲು, ನನ್ನ ಆಯ್ಕೆ. ಮೋಲಿಸೆಲ್ ಪಿ42ಎ ಸೆಲ್ ಹಿಡಿದರೆ 43.2 ವೋಲ್ಟ್, 8.4 ಆಂಪಿಯರ್-ಅವರ್, ಒಟ್ಟು ಸುಮಾರು 363 ವ್ಯಾಟ್-ಅವರ್. ಪೂರ್ತಿ ಚಾರ್ಜ್ ಆದಾಗ 50.4 ವೋಲ್ಟ್. 2 ಕಿಲೋವ್ಯಾಟ್ ಎಳೆದರೆ ಸುಮಾರು 46 ಆಂಪಿಯರ್, ಅಂದರೆ ಒಂದೊಂದು ಸೆಲ್ಲಿಗೆ 23. ಈ ಸೆಲ್ಲಿನ ಮಿತಿ 45 ಆಂಪಿಯರ್. ಅರ್ಧದಷ್ಟು ದುಡಿಸಿದರೆ ಬಿಸಿ ಕಡಿಮೆ, ಬಾಳಿಕೆ ಜಾಸ್ತಿ. ಸೆಲ್ಲಿಗೆ ಲೋಹದ ಪಟ್ಟಿ ಬೆಸೆಯುವ ಸ್ಪಾಟ್ ವೆಲ್ಡರ್ ಇಲ್ಲದವರು ಪ್ಯಾಕ್ ಕಟ್ಟಲು ಹೋಗಬೇಡಿ. ಸೆಲ್ಲಿಗೆ ನೇರವಾಗಿ ಸೋಲ್ಡರ್ ಮಾಡುವುದು ಅಡ್ಡದಾರಿಯಲ್ಲ, ಅಪಾಯ. ಮೆತ್ತನೆ ಚೀಲದ ಲೈಪೋ ಬ್ಯಾಟರಿ ಅಗ್ಗ, ನಿಜ. ಆದರೆ ಪೆಟ್ಟು ತಡೆಯುವುದಿಲ್ಲ. ಬೋರ್ಡ್ ಮೇಲೆ ಪೆಟ್ಟು ಬೀಳದೆ ಇರುವುದಿಲ್ಲ, ಅಲ್ವಾ?

ಬೋರ್ಡ್ ಜತೆ ವಿಮಾನ ಹತ್ತುವವರಿಗೆ ಒಂದು ಮಾತು. ಪ್ರಯಾಣಿಕರು ಒಯ್ಯುವ ಬಿಡಿ ಲಿಥಿಯಂ ಬ್ಯಾಟರಿಗೆ 100 ವ್ಯಾಟ್-ಅವರ್ ಸಾಮಾನ್ಯ ಮಿತಿ, ಏರ್‌ಲೈನ್ ಒಪ್ಪಿದರೆ 160. ಈ ಪ್ಯಾಕ್ ಅದರಲ್ಲಿ ಹಿಡಿಸುವುದಿಲ್ಲ.

ಪ್ರೊಪೆಲ್ಲರ್: ಮಡಚುವಂಥದ್ದೇ ತೆಗೆದುಕೊಳ್ಳಿ. ಮೋಟರ್ ನಿಂತಾಗ ನೀರಿನ ಹರಿವೇ ಎಲೆಗಳನ್ನು ಹಿಂದಕ್ಕೆ ಮಡಚುತ್ತದೆ. ಮಡಚದ ಪ್ರೊಪೆಲ್ಲರ್ ಮುಳುಗಿದ್ದಷ್ಟು ಹೊತ್ತೂ ಬ್ರೇಕ್ ಹಾಕುತ್ತಲೇ ಇರುತ್ತದೆ.

ಹಂತ 3: ಯಾವ ವೈರ್ ಉದ್ದ ಮಾಡಬೇಕು?

ಮೋಟರಿನಿಂದ ಕಂಟ್ರೋಲರ್‌ಗೆ ಹೋಗುವ ಮೂರು ಫೇಸ್ ವೈರುಗಳನ್ನು ಉದ್ದ ಮಾಡಿ. ಬ್ಯಾಟರಿ ವೈರುಗಳನ್ನು ಬೇಡ. ಬ್ಯಾಟರಿ ವೈರ್ ಉದ್ದವಾದಷ್ಟೂ ಅದರ ಇಂಡಕ್ಟೆನ್ಸ್ (ಕರೆಂಟು ಥಟ್ಟನೆ ಬದಲಾಗದಂತೆ ಒಡ್ಡುವ ತಡೆ) ಹೆಚ್ಚಿ, ಕಂಟ್ರೋಲರಿನ ಕೆಪಾಸಿಟರ್‌ಗಳಿಗೆ ವೋಲ್ಟೇಜಿನ ಏಟು ಬೀಳುತ್ತದೆ. ಹಾಗಾಗಿ ಕಂಟ್ರೋಲರ್, ಬ್ಯಾಟರಿ ಎರಡೂ ಬೋರ್ಡ್ ಮೇಲಿನ ಒಂದೇ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಕೂರಲಿ. ಪೆಟ್ಟಿಗೆಯನ್ನು ಪಟ್ಟಿಯಿಂದ ಬಿಗಿಯಿರಿ. ಒಳ್ಳೆಯ ಬೋರ್ಡ್ ಕೊರೆದು ಗುಂಡಿ ಮಾಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಹಂತ 4: ನೀರು (ಇಲ್ಲಿ ಅವಸರ ಬೇಡ)

ಪೆಟ್ಟಿಗೆಯ ಮುಚ್ಚಳಕ್ಕೆ ದಪ್ಪ ರಬ್ಬರ್ ಓ-ರಿಂಗ್ ಹಾಕಿ, ವೈರ್ ತೂರುವ ತೂತಿಗೆ ಗ್ಲ್ಯಾಂಡ್ (ವೈರನ್ನು ಸುತ್ತಲೂ ಒತ್ತಿ ಹಿಡಿಯುವ ನಟ್ಟು) ಬಿಗಿದು, ಸುತ್ತ ಸಿಲಿಕೋನ್ ಮೆತ್ತಿ, ‘ಆಯ್ತು’ ಅನ್ನುತ್ತಾರೆ. ಆದರೂ ನೀರು ಬರುತ್ತದೆ. ಎಲ್ಲಿಂದ? ವೈರಿನ ಒಳಗಿನಿಂದ.

ಮೋಟರ್ ಇರುವುದು ನೀರಿನಲ್ಲಿ. ಅದರ ಫೇಸ್ ವೈರಿನ ಒಳಗೆ ನೂರಾರು ಸಣ್ಣ ತಾಮ್ರದ ಎಳೆಗಳಿವೆ, ಎಳೆಗಳ ನಡುವೆ ಸಂದುಗಳಿವೆ. ದೀಪದ ಬತ್ತಿ ಎಣ್ಣೆ ಹೀರಿದಂತೆ ಆ ಎಳೆಗಳು ನೀರು ಹೀರುತ್ತವೆ. ಹೊರಗಿನ ಹೊದಿಕೆ ಒಂದು ಗೀರೂ ಇಲ್ಲದೆ ಚೆನ್ನಾಗಿರುತ್ತದೆ, ನೀರು ಒಳಗೊಳಗೇ ಸಾಗಿ ನೇರವಾಗಿ ಕಂಟ್ರೋಲರ್ ಮೇಲೆ ಇಳಿಯುತ್ತದೆ.

ಇದಕ್ಕೆ ಪೆಟ್ಟಿಗೆಯೂ ಸಹಾಯ ಮಾಡುತ್ತದೆ. ಬಿಸಿಲಲ್ಲಿ 45 ಡಿಗ್ರಿಗೆ ಕಾದ ಪೆಟ್ಟಿಗೆಯನ್ನು ಮುಚ್ಚಿ 20 ಡಿಗ್ರಿಯ ನೀರಿಗೆ ಇಳಿಸಿದಿರಿ ಅನ್ನಿ. ಒಳಗಿನ ಗಾಳಿ ತಣ್ಣಗಾಗಿ ಒತ್ತಡ ಸುಮಾರು ಶೇ 8ರಷ್ಟು ಇಳಿಯುತ್ತದೆ. ಅದು 80 ಸೆಂಟಿಮೀಟರ್ ಆಳದ ನೀರಿನ ಒತ್ತಡಕ್ಕೆ ಸಮ. ಪೆಟ್ಟಿಗೆ ನೀರಿನ ಮೇಲೇ ಇದ್ದರೂ ಸಿಕ್ಕ ಸಂದಿನಿಂದೆಲ್ಲ ಒಳಕ್ಕೆ ಎಳೆಯುತ್ತದೆ. ಮುಚ್ಚಳ ಹಾಕುವುದು ನೆರಳಲ್ಲಿ, ಎಲ್ಲ ತಣ್ಣಗಾದ ಮೇಲೆ. ಗಾಳಿ ಬಿಟ್ಟು ನೀರು ತಡೆಯುವ ಪೊರೆಯ ವಾಲ್ವ್ ಸಿಕ್ಕರೆ ಒಂದು ಹಾಕಿಬಿಡಿ.

ಈಗ ವೈರಿಗೆ ಒಡ್ಡು ಕಟ್ಟೋಣ. ವೈರ್ ಪೆಟ್ಟಿಗೆ ಸೇರುವ ಜಾಗದಲ್ಲಿ ಸುಮಾರು 15 ಮಿಲಿಮೀಟರ್ ಉದ್ದ ಹೊದಿಕೆ ಸುಲಿಯಿರಿ. ತುದಿಯಲ್ಲಲ್ಲ, ನಡುವೆ. ಬರಿದಾದ ತಾಮ್ರಕ್ಕೆ ಸೋಲ್ಡರ್ ಹಿಡಿಯಲು ಫ್ಲಕ್ಸ್ ಹಚ್ಚಿ, ದಪ್ಪ ತುದಿಯ ಸೋಲ್ಡರಿಂಗ್ ಐರನ್‌ನಿಂದ ಕಾಯಿಸಿ. ಸೋಲ್ಡರ್ ನಡುಮಧ್ಯದವರೆಗೂ ಇಳಿಯಬೇಕು. ಮೇಲ್ಗಡೆ ಹೊಳೆದರೆ ಸಾಲದು. ಮೊದಲು ಒಂದು ತುಂಡು ವೈರಿನಲ್ಲಿ ಮಾಡಿ, ಅಡ್ಡ ಕತ್ತರಿಸಿ ನೋಡಿ. ಮಧ್ಯೆ ಬಿಡಿ ಎಳೆ ಕಂಡರೆ ಶಾಖ ಸಾಲದು ಅಂತ ಅರ್ಥ. ಹೀಗೆ ಗಟ್ಟಿಯಾದ ಭಾಗವನ್ನು ಚಿಕ್ಕ ಪ್ಲಾಸ್ಟಿಕ್ ಬಟ್ಟಲಿನಂಥ ಅಚ್ಚಿನಲ್ಲಿ ಇಟ್ಟು ಸುತ್ತಲೂ ಎಪಾಕ್ಸಿ ಸುರಿಯಿರಿ. ಮೂರು ವೈರೂ ಒಂದನ್ನೊಂದು ಮುಟ್ಟಬಾರದು. ತಾಮ್ರವನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಅಚ್ಚಿನ ಒಳಮೈಯನ್ನು 80 ಗ್ರಿಟ್‌ನ ಒರಟು ಉಪ್ಪು ಕಾಗದದಲ್ಲಿ ಉಜ್ಜಿಯೇ ಸುರಿಯಬೇಕು. ಒಂದೇ ಸಲಕ್ಕೆ ದಪ್ಪಗೆ ಸುರಿದರೆ ಎಪಾಕ್ಸಿ ಕಾದು ಬಿರುಕು ಬಿಡುತ್ತದೆ. ಎರಡು ಮೂರು ಪದರ ಮಾಡಿ.

ಹೊದಿಕೆ ಸುಲಿಯದೆ ಹಾಗೇ ಎಪಾಕ್ಸಿಯಲ್ಲಿ ಮುಳುಗಿಸಿದರೆ ಆಗದಾ? ಆಗದು. ಮೋಟರ್ ವೈರುಗಳ ಮೆತ್ತನೆಯ ಹೊದಿಕೆ ಸಿಲಿಕೋನ್‌ನದು. ಸಿಲಿಕೋನ್‌ಗೆ ಎಪಾಕ್ಸಿ ಅಂಟುವುದಿಲ್ಲ, ಒಳಗೆ ಅಂಟು ಸವರಿದ ಹೀಟ್‌ಶ್ರಿಂಕ್ (ಕಾಯಿಸಿದರೆ ಕುಗ್ಗುವ ಕೊಳವೆ) ಅಂಟುವುದಿಲ್ಲ, ಹಾಟ್ ಗ್ಲೂ ಅಂತೂ ಬೆರಳಲ್ಲೇ ಕಿತ್ತು ಬರುತ್ತದೆ. ಎಪಾಕ್ಸಿ ಹಿಡಿಯಬೇಕಾದದ್ದು ತಾಮ್ರವನ್ನು. ಇನ್ನೊಂದು ವಿಷಯ, ಸೋಲ್ಡರ್ ಕುಡಿದ ವೈರ್ ಬಾಗುವುದಿಲ್ಲ, ಬಗ್ಗಿಸಿದರೆ ಮುರಿಯುತ್ತದೆ. ಆ ಗಟ್ಟಿ ಭಾಗ ಪೂರ್ತಿ ಎಪಾಕ್ಸಿಯೊಳಗೇ ಇರಲಿ, ಹೊರಗೆ ಬರುವ ವೈರನ್ನು ಕ್ಲಿಪ್ ಹಾಕಿ ಹಿಡಿದಿಡಿ.

ಗ್ಲ್ಯಾಂಡ್ ಬಗ್ಗೆಯೂ ಹೇಳಲೇಬೇಕು. ಮೂರು ವೈರುಗಳನ್ನು ಒಟ್ಟಿಗೆ ಒಂದೇ ಗ್ಲ್ಯಾಂಡ್‌ನಲ್ಲಿ ತೂರಿಸಿ ಬಿಗಿಯುವುದನ್ನು ಎಷ್ಟು ಜನ ಮಾಡುತ್ತಾರೋ! ಮೂರು ದುಂಡು ವೈರುಗಳ ನಡುವೆ ಸಂದು ಇದ್ದೇ ಇರುತ್ತದೆ, ಎಷ್ಟೇ ಬಿಗಿದರೂ ಮುಚ್ಚುವುದಿಲ್ಲ. ಒಂದು ಗ್ಲ್ಯಾಂಡಿಗೆ ಒಂದೇ ವೈರ್, ಇಲ್ಲವೇ ಮೂರು ತೂತಿನ ರಬ್ಬರ್ ಇರುವ ಗ್ಲ್ಯಾಂಡ್. ‘ಐಪಿ67’ ಅಂತ ಬರೆದಿದ್ದರೆ ನಿಶ್ಚಿಂತೆ ಬೇಡ. ಅದರ ಅರ್ಥ 1 ಮೀಟರ್ ಆಳದ ನಿಂತ ನೀರಿನಲ್ಲಿ 30 ನಿಮಿಷ. ಅಲೆ ಅಪ್ಪಳಿಸುವ ಲೆಕ್ಕ ಅದರಲ್ಲಿಲ್ಲ.

ಪೆಟ್ಟಿಗೆಯೊಳಗೆ ಹುಳಿ ವಾಸನೆಯ ಸಿಲಿಕೋನ್ ಬಳಸಬೇಡಿ. ಗಟ್ಟಿಯಾಗುವಾಗ ಅದು ಬಿಡುವ ಅಸಿಟಿಕ್ ಆಮ್ಲ ತಾಮ್ರವನ್ನು ತಿನ್ನುತ್ತದೆ. ಬೇಕೇ ಬೇಕು ಅಂದರೆ ನ್ಯೂಟ್ರಲ್ ಕ್ಯೂರ್ ಎಂದು ಬರೆದದ್ದು ತನ್ನಿ.

ಮೋಟರಿಗೆ ಸೀಲ್ ಬೇಡ, ನೀರು ಒಳಗೆ ಹರಿಯಲಿ. ಹರಿಯುವ ನೀರೇ ಅದನ್ನು ತಂಪು ಮಾಡುತ್ತದೆ. ಆದರೆ ಸುರುಳಿಗಳಿಗೆ, ಅವನ್ನು ಸುತ್ತಿರುವ, ತಿರುಗದ ಕಬ್ಬಿಣದ ಸ್ಟೇಟರ್‌ಗೆ, ಮ್ಯಾಗ್ನೆಟ್‌ಗಳಿಗೆ ತೆಳು ಎಪಾಕ್ಸಿ ಬಳಿಯಬೇಕು. ಮ್ಯಾಗ್ನೆಟ್ಟಿಗೂ ಸ್ಟೇಟರಿಗೂ ನಡುವೆ ಒಂದು ಮಿಲಿಮೀಟರೂ ಜಾಗ ಇರುವುದಿಲ್ಲ. ಒಂದು ಹನಿ ದಪ್ಪಗೆ ಉಳಿದರೂ ಮೋಟರ್ ಉಜ್ಜುತ್ತದೆ. ಬೇರಿಂಗ್ ಬದಲಿಸಿ ಸ್ಟೇನ್‌ಲೆಸ್ ಬಳೆ, ಸೆರಾಮಿಕ್ ಗುಂಡುಗಳಿರುವ ಹೈಬ್ರಿಡ್ ಸೆರಾಮಿಕ್ ಹಾಕಿ. ಮಾಮೂಲಿ ಉಕ್ಕಿನದು ಉಪ್ಪು ನೀರಿನಲ್ಲಿ ಬೇಗ ತುಕ್ಕು ಹಿಡಿಯುತ್ತದೆ.

ಇಷ್ಟಾದ ಮೇಲೆ ಪರೀಕ್ಷೆ. ಬ್ಯಾಟರಿ, ಕಂಟ್ರೋಲರ್ ಎರಡನ್ನೂ ಹೊರಗಿಟ್ಟು, ಪೆಟ್ಟಿಗೆಯೊಳಗೆ ಟಿಶ್ಯೂ ಕಾಗದ ಹಾಸಿ, ಭಾರ ಕಟ್ಟಿ ಇಡೀ ರಾತ್ರಿ ನೀರಿನಲ್ಲಿ ಮುಳುಗಿಸಿ. ವೈರುಗಳ ಮೋಟರ್ ಕಡೆಯ ತುದಿಯೂ ಮುಳುಗಿರಲಿ, ಇಲ್ಲದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ. ಬೆಳಗ್ಗೆ ಕಾಗದದಲ್ಲಿ ಒಂದು ಚುಕ್ಕೆ ಒದ್ದೆ ಕಂಡರೂ ಮತ್ತೆ ಮೊದಲಿನಿಂದ.

ಹಂತ 5: ಮಾಸ್ಟ್‌ಗೆ ಕಟ್ಟುವುದು

ಮಾಸ್ಟ್ ಕೊರೆಯಬೇಡಿ. ಎರಡು ಹೋಳಿನ ಕ್ಲ್ಯಾಂಪ್ ಅನ್ನು 3ಡಿ ಪ್ರಿಂಟ್ ಮಾಡಿ, ಒಳಗೆ ತೆಳು ರಬ್ಬರ್ ಇಟ್ಟು ಬೋಲ್ಟ್ ಹಾಕಿ. ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ಸೊಟ್ಟಗಾದೀತು. ಎಎಸ್‌ಎ ಪ್ಲಾಸ್ಟಿಕ್ ಒಳ್ಳೆಯದು. ಅಲ್ಯೂಮಿನಿಯಂ ಮಾಸ್ಟ್‌ಗೆ ಸ್ಟೇನ್‌ಲೆಸ್ ಬೋಲ್ಟ್ ತಾಗಿ ಉಪ್ಪು ನೀರು ಸೇರಿದರೆ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ನಡುವೆ ಪ್ಲಾಸ್ಟಿಕ್ ಅಥವಾ ತುಕ್ಕು ತಡೆಯುವ ಪೇಸ್ಟ್ ಇರಲಿ.

ಎತ್ತರ ಎಷ್ಟು? ಮೇಲೆ ಕಟ್ಟಿದರೆ ಬೋರ್ಡ್ ಎದ್ದ ಮೇಲೆ ಮೋಟರ್ ನೀರಿನಿಂದ ಆಚೆ ಬರುತ್ತದೆ, ಅದು ನೀರಿನಲ್ಲಿ ಒಡ್ಡುವ ತಡೆ ತಪ್ಪುತ್ತದೆ. ತೀರಾ ಮೇಲಾದರೆ ಬೋರ್ಡ್ ಪೂರ್ತಿ ಏಳುವ ಮೊದಲೇ ಪ್ರೊಪೆಲ್ಲರ್ ಗಾಳಿ ಕುಡಿದು ಸುಮ್ನೆ ಗಿರ್ರನೆ ತಿರುಗುತ್ತದೆ. ಬೋರ್ಡ್‌ನಿಂದ 20 ಸೆಂಟಿಮೀಟರ್ ಕೆಳಗೆ ಶುರು ಮಾಡಿ, ಒಂದೊಂದು ಸಲಕ್ಕೆ ಎರಡು ಮೂರು ಸೆಂಟಿಮೀಟರ್ ಸರಿಸಿ ನೋಡಿ. ನೀರಿನ ಮೇಲಿದ್ದಾಗ ಮೋಟರ್ ತಳ್ಳಿದರೆ ಬೋರ್ಡಿನ ಮೂತಿ ಮೇಲೇಳುತ್ತದೆ, ಎದ್ದ ಮೇಲೆ ಅದೇ ತಳ್ಳು ಮೂತಿಯನ್ನು ಕೆಳಗೆ ಒತ್ತುತ್ತದೆ. ಕಾಲಿನ ಭಾರ ಬದಲಿಸಲು ಸಿದ್ಧರಿರಿ. ಕ್ಲ್ಯಾಂಪ್ ಮುರಿದರೂ ಮೋಟರ್ ತಳ ಸೇರದಂತೆ ಒಂದು ಗಟ್ಟಿ ದಾರ ಕಟ್ಟಿ.

ಹಂತ 6: ರಿಮೋಟ್ ಮತ್ತು ಸೆಟ್ಟಿಂಗ್

ಬೆರಳು ಬಿಟ್ಟರೆ ತಾನೇ ಸೊನ್ನೆಗೆ ಬರುವ ಸ್ಪ್ರಿಂಗ್ ಟ್ರಿಗರ್ ಇರುವ ರಿಮೋಟ್ ಮಾತ್ರ ಬಳಸಿ. 2.4 ಗಿಗಾಹರ್ಟ್ಸ್ ಸಿಗ್ನಲ್ ನೀರಿನಲ್ಲಿ ಸಾಗುವುದಿಲ್ಲ. ಕಾರ್ಬನ್ ಫೈಬರ್ ಕೂಡ ಅದನ್ನು ತಡೆಯುತ್ತದೆ. ರಿಸೀವರ್ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ಮೇಲ್ಭಾಗದಲ್ಲಿ ಇರಲಿ. ಸಿಗ್ನಲ್ ತಪ್ಪಿದರೆ ಮೋಟರ್ ನಿಲ್ಲಲೇಬೇಕು. ಮೋಟರ್ ತಿರುಗುತ್ತಿರುವಾಗ ರಿಮೋಟ್ ಆಫ್ ಮಾಡಿ ಪರೀಕ್ಷಿಸಿ, ಪ್ರೊಪೆಲ್ಲರ್ ಬಿಚ್ಚಿಟ್ಟು.

ವೆಸ್ಕ್‌ನಲ್ಲಿ ಮೋಟರನ್ನು ನಯವಾಗಿ ತಿರುಗಿಸುವ ಎಫ್‌ಒಸಿ ಮೋಡ್ ಆರಿಸಿ, ಮೋಟರನ್ನು ತಾನೇ ಅಳೆದುಕೊಳ್ಳುವ ಮೋಟರ್ ಡಿಟೆಕ್ಷನ್ ನಡೆಸಿ. ಬ್ಯಾಟರಿ ಕರೆಂಟ್ ಮಿತಿ 50 ಆಂಪಿಯರ್. ಬ್ಯಾಟರಿ ತೀರಾ ಬರಿದಾಗದಂತೆ ಶಕ್ತಿ ತಗ್ಗಿಸುವ ಕಟ್‌ಆಫ್ 39.6 ವೋಲ್ಟಿಗೆ ಶುರುವಾಗಿ 36ಕ್ಕೆ ಮುಗಿಯಲಿ. ರಿವರ್ಸ್ ಬೇಡ. ವೇಗ ಏರಲು ಒಂದು ಸೆಕೆಂಡ್ ಕೊಡಿ, ಇಲ್ಲದಿದ್ದರೆ ಮಡಚಿದ ಎಲೆಗಳು ಪಟ್ ಅಂತ ತೆರೆದು ಪಿನ್ ಮುರಿದುಕೊಳ್ಳುತ್ತವೆ. ಬ್ಯಾಟರಿ ಕನೆಕ್ಟರ್ ಎಕ್ಸ್‌ಟಿ90-ಎಸ್ ಇರಲಿ. ಅದರೊಳಗಿನ ರೆಸಿಸ್ಟರ್ ಕೆಪಾಸಿಟರ್‌ಗಳನ್ನು ನಿಧಾನಕ್ಕೆ ತುಂಬಿಸುವುದರಿಂದ ಕಿಡಿ ಹಾರುವುದಿಲ್ಲ.

ಹಂತ 7: ನೀರಿಗೆ

ಹೆಲ್ಮೆಟ್ ಹಾಕಿ. ಪ್ರೊಪೆಲ್ಲರ್ ಸುತ್ತ ಗಾರ್ಡ್ ಇರಲಿ, ಹತ್ತಿರ ಈಜುವವರು ಬೇಡ. ಮೋಟರ್ ಕಟ್ಟಿದ ಬೋರ್ಡನ್ನು ಯಂತ್ರದ ದೋಣಿಯ ಸಾಲಿಗೆ ಸೇರಿಸುವ ಕಡೆಗಳಿವೆ, ಮೊದಲೇ ವಿಚಾರಿಸಿ. ಮೊದಲ ದಿನ ಮಂಡಿಯೂರಿಯೇ ಓಡಿಸಿ. ಐದು ನಿಮಿಷಕ್ಕೆ ದಡಕ್ಕೆ ಬಂದು ಪೆಟ್ಟಿಗೆ ತೆರೆದು ನೋಡಿ.

ಮುಗಿದ ಮೇಲೆ ಮೋಟರನ್ನು ಸಿಹಿನೀರಿನಲ್ಲಿ ತಿರುಗಿಸುತ್ತಾ ತೊಳೆದು, ಒಣಗಿಸಿ, ತುಕ್ಕು ತಡೆಯುವ ಸ್ಪ್ರೇ ಹೊಡೆಯಿರಿ. ಬ್ಯಾಟರಿಯನ್ನು ಸೆಲ್ಲಿಗೆ 3.8 ವೋಲ್ಟ್‌ನಷ್ಟಕ್ಕೆ ತಂದು ಎತ್ತಿಡಿ. ಪ್ಯಾಕ್‌ಗೆ ನೀರು ತಾಗಿದ ಅನುಮಾನವಿದ್ದರೆ ಚಾರ್ಜಿಗೆ ಹಾಕಲೇಬೇಡಿ. ಒಣಗಿದಂತೆ ಕಂಡರೂ ಅಷ್ಟೇ, ಅದನ್ನು ಮನೆಯ ಹೊರಗಿಡಿ.