ಬೇಕಲದ ಮುರಕಲ್ಲಿನ ಕೆಂಪನ್ನು ಹಿಡಿಯುವ ಬಗೆ

ಕಾಸರಗೋಡಿನ ಕಡಲಂಚಿನ ಬೇಕಲ ಕೋಟೆಗೆ ಬರುವ ಕ್ಯಾಮೆರಾಗಳೆಲ್ಲ ಮುಳುಗುವ ಸೂರ್ಯನ ಕಡೆಗೇ ತಿರುಗುತ್ತವೆ. ಕೋಟೆ ಬರೀ ಕಪ್ಪು ಆಕಾರವಾಗಿ ಉಳಿಯುತ್ತದೆ. ಕೆಳದಿಯ ಶಿವಪ್ಪ ನಾಯಕ 17ನೇ ಶತಮಾನದಲ್ಲಿ ಮುರಕಲ್ಲಿನಲ್ಲಿ (ತೂತುತೂತಾದ ಕೆಂಪು ಜಂಬಿಟ್ಟಿಗೆ) ಕಟ್ಟಿಸಿದ ಆ ಗೋಡೆಯ ಬಣ್ಣವೇ ನನಗೆ ಮುಖ್ಯ. ಹಾಗಾಗಿ ಕೋಟೆಯ ದಕ್ಷಿಣಕ್ಕೆ ಕಡಲಂಚಿನಲ್ಲಿ ನಿಂತು ಉತ್ತರಕ್ಕೆ ತಿರುಗುತ್ತೇನೆ. ಡಿಸೆಂಬರಿನಲ್ಲಿ ಸೂರ್ಯ ಪಶ್ಚಿಮದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಮುಳುಗುವುದರಿಂದ ಬೆಳಕು ನಮ್ಮ ಎಡಭುಜದ ಹಿಂದಿನಿಂದ ಗೋಡೆಗೆ ಬೀಳುತ್ತದೆ. ಮಾರ್ಚಿನಲ್ಲಿ ಅದೇ ಬೆಳಕು ನೇರ ಪಕ್ಕದಿಂದ ಬಂದು, ಮುರಕಲ್ಲಿನ ಒಂದೊಂದು ತೂತಿನಲ್ಲೂ ನೆರಳು ಕೂರುತ್ತದೆ. ನನಗೆ ಮಾರ್ಚೇ ಹೆಚ್ಚು ಇಷ್ಟ. ಆಟಿಯ ಮಳೆಗಾಲದಲ್ಲಿ ಗೋಡೆಗೆ ಪಾಚಿ, ಕಡಲಿಗೆ ಸಿಟ್ಟು; ಬಂಡೆಗೆ ಇಳಿಯಲೇಬಾರದು.

ಬಣ್ಣವನ್ನು ಕ್ಯಾಮೆರಾ ತಾನೇ ಸರಿಪಡಿಸುವ ಆಟೋ ವೈಟ್ ಬ್ಯಾಲೆನ್ಸ್ ಈ ಕೆಂಪನ್ನು 'ತಪ್ಪು' ಎಂದುಕೊಂಡು ತೊಳೆದುಬಿಡುತ್ತದೆ. ವೈಟ್ ಬ್ಯಾಲೆನ್ಸನ್ನು ಹಗಲ ಬೆಳಕಿನ 5200 ಕೆಲ್ವಿನ್‌ಗೆ ನಿಲ್ಲಿಸಿ, ಸೆನ್ಸರ್ ಕಂಡದ್ದನ್ನೆಲ್ಲ ಉಳಿಸುವ ರಾ ಫೈಲ್‌ನಲ್ಲೇ ತೆಗೆಯಬೇಕು. ಒಟ್ಟು ಬೆಳಕಿನ ಹಂಚಿಕೆ ತೋರಿಸುವ ಬಿಳಿ ಹಿಸ್ಟೋಗ್ರಾಮ್ (ಬಲತುದಿ ಎಂದರೆ ಅತಿ ಬೆಳಕು) ಒಂದನ್ನೇ ನಂಬಬೇಡಿ: ಅದು ಸರಿಯಿದ್ದಾಗಲೇ ಕೆಂಪು ಚಾನೆಲ್ ಬಲತುದಿಗೆ ಒತ್ತಿಕೊಂಡಿರುತ್ತದೆ, ಕಲ್ಲಿನ ಮೈ ಸಪಾಟಾಗಿ ಕಿತ್ತಳೆ ಬಳಿದಂತಾಗುತ್ತದೆ. ಮೂರು ಬಣ್ಣದ ಹಿಸ್ಟೋಗ್ರಾಮ್ ನೋಡಿ ಬೆಳಕನ್ನು ಒಂದು ಸ್ಟಾಪ್‌ನ ಮೂರರಲ್ಲಿ ಎರಡು ಪಾಲು ಕಡಿಮೆ ಮಾಡುತ್ತೇನೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧ ಅಥವಾ ಇಮ್ಮಡಿ). ಒದ್ದೆ ಕಲ್ಲಿನ ಹೊಳಪು ತೆಗೆಯಲು ಪೋಲರೈಸರ್ ಎಂಬ ತಿರುಗುವ ಫಿಲ್ಟರ್ ಬೇಕು. ಆದರೆ ಸೂರ್ಯನಿಗೆ ಅಡ್ಡಲಾಗಿ ನಿಂತಿರುವುದರಿಂದ ಅದನ್ನು ಪೂರ್ತಿ ತಿರುಗಿಸಿದರೆ ಅಗಲ ಲೆನ್ಸ್‌ನಲ್ಲಿ ಆಕಾಶದ ನಡುವೆ ಕಪ್ಪು ಪಟ್ಟೆ ಬರುತ್ತದೆ, ಅರ್ಧ ಸಾಕು.

ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾಕ್ಕೆ 16 ಮಿ.ಮೀ. ಲೆನ್ಸ್, ಅಪರ್ಚರ್ ಎಫ್/11, ಐಎಸ್ಒ 100. ಫೋಕಸ್ 1.2 ಮೀಟರ್‌ನಲ್ಲಿ ಇಟ್ಟರೆ 60 ಸೆಂ.ಮೀ. ದೂರದ ಬಂಡೆಯಿಂದ ಕೋಟೆಯವರೆಗೆ ಸ್ಪಷ್ಟ. ಆ ಹೊತ್ತಿಗೆ ಶಟರ್ ಸುಮಾರು 1/15 ಸೆಕೆಂಡ್ ಸಿಗುತ್ತದೆ. ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ 3 ಸ್ಟಾಪ್‌ನದು ಹಾಕಿದರೆ ಅರ್ಧ ಸೆಕೆಂಡ್: ಹಿಂದಕ್ಕೆ ಸರಿಯುವ ಅಲೆಯ ನೊರೆ ಗೆರೆಗೆರೆಯಾಗಿ ಉಳಿಯುತ್ತದೆ. 6 ಸ್ಟಾಪ್ ಆದರೆ 4 ಸೆಕೆಂಡ್, ನೊರೆ ಮಂಜಾಗುತ್ತದೆ. ಮಂಜು ಎಲ್ಲ ಊರಿನ ಕಡಲಿಗೂ ಒಂದೇ ಥರ; ಗೆರೆಯನ್ನೇ ಆರಿಸಿಕೊಳ್ಳಿ. ಅಲೆ ಬರುವಾಗಲ್ಲ, ತಿರುಗಿ ಇಳಿಯಲು ಶುರುವಾದ ಕೂಡಲೇ ಕ್ಲಿಕ್.

ಟ್ರೈಪಾಡ್‌ನ ಕಾಲನ್ನು ಮರಳಿಗೆ ಮೊದಲೇ ಒತ್ತಿ ಹೂಳಬೇಕು. ಇಲ್ಲದಿದ್ದರೆ ಇಳಿಯುವ ನೀರು ಕಾಲಡಿಯ ಮರಳನ್ನು ಎಳೆದೊಯ್ದು, ಶಟರ್ ತೆರೆದಿರುವಾಗಲೇ ಚೌಕಟ್ಟು ಜಾರುತ್ತದೆ. ಕೋಟೆ ಪುರಾತತ್ವ ಇಲಾಖೆಯದು. ಒಳಗೆ ಟ್ರೈಪಾಡ್‌ಗೆ ಮೊದಲೇ ಅನುಮತಿ ಕೇಳಬೇಕು. ಸಂಜೆ ಬಾಗಿಲು ಮುಚ್ಚುವುದರಿಂದ ಕೊನೆಯ ಬೆಳಕು ಹೇಗೂ ಹೊರಗಿನದೇ.

ಫಿಲ್ಟರ್ ಮೇಲಿನ ತುಂತುರನ್ನು ಒಣಬಟ್ಟೆಯಿಂದ ಉಜ್ಜಿದರೆ ಉಪ್ಪಿನ ಹರಳು ಗೀರುತ್ತದೆ. ಸಿಹಿನೀರಿನಲ್ಲಿ ನೆನೆಸಿ ಹಿಂಡಿದ ಬಟ್ಟೆ ಮೊದಲು, ಒಣಗಿದ್ದು ಆಮೇಲೆ. ಮನೆಗೆ ಬಂದ ರಾತ್ರಿಯೇ ಟ್ರೈಪಾಡ್ ಕಾಲನ್ನು ಪೂರ್ತಿ ಬಿಚ್ಚಿ ತೊಳೆದು, ಬೈರಾಸಿನಲ್ಲಿ ಒರೆಸಿ, ಲಾಕ್‌ಗಳು ಒಣಗಿದ ಮೇಲೆಯೇ ಜೋಡಿಸಬೇಕು.