ಅರ್ಧ ಥೈರಾಯ್ಡ್ ತೆಗೆಸಿದ ಮೇಲೆ: ಯಾವುದಕ್ಕೆ ಓಡಬೇಕು, ಯಾವುದಕ್ಕೆ ಕಾಯಬಹುದು?

ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯ ಒಂದೇ ಬದಿಯಲ್ಲಿ ಗಡ್ಡೆ ಇದ್ದು ಆಪರೇಷನ್ ಬೇಕಾದರೆ ಸಾಮಾನ್ಯವಾಗಿ ಆ ಬದಿಯನ್ನಷ್ಟೇ ತೆಗೆಯುತ್ತಾರೆ. ದೊಡ್ಡ ತೊಡಕುಗಳು ಅಪರೂಪ. ಆದರೆ ಕೊಡಗಿನ ನಮಗೆ ದೂರವೇ ಚಿಂತೆ: ಮಡಿಕೇರಿಯಿಂದ ಆಪರೇಷನ್‌ಗೆಂದು ಹೋಗುವ ಮೈಸೂರಿಗೆ ಸುಮಾರು 120 ಕಿ.ಮೀ., ಮಂಗಳೂರಿಗಾದರೆ ಸಂಪಾಜೆ ಘಾಟಿ ಇಳಿಯಬೇಕು. ತೋಟದ ಮನೆಯಿಂದ ಟಾರು ರಸ್ತೆ ಮುಟ್ಟುವುದಕ್ಕೇ ಹೊತ್ತು ಹಿಡಿಯುತ್ತದೆ. ಹಾಗಾಗಿ ಲೆಕ್ಕಾಚಾರ ಮೊದಲೇ ಆಗಲಿ.

ದಿನ ಗೊತ್ತು ಮಾಡುವಾಗ: ತುರ್ತಿಲ್ಲ ಎಂದು ಡಾಕ್ಟರೇ ಹೇಳಿದ್ದರೆ ಜೋರು ಮಳೆಯ ತಿಂಗಳು ಬೇಡ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಂಗಳೂರು ರಸ್ತೆ ಬಂದ್ ಆದದ್ದು ನಮ್ಮಲ್ಲಿ ಯಾರಿಗೆ ಮರೆತಿದೆ? ಆಸ್ಪಿರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ.

ಮೊದಲ ರಾತ್ರಿ: ನಿಜಕ್ಕೂ ಹೆದರಬೇಕಾದದ್ದು ಕುತ್ತಿಗೆಯ ಒಳಗೇ ರಕ್ತ ಸೋರುವುದಕ್ಕೆ. ಹೆಚ್ಚಾಗಿ ಮೊದಲ 24 ಗಂಟೆಯೊಳಗೆ, ಅದರಲ್ಲೂ ಮೊದಲ ಕೆಲವು ಗಂಟೆಗಳಲ್ಲಿ ಆಗುತ್ತದೆ. ಹೊರಗೆ ಒಂದು ಹನಿಯೂ ಕಾಣದೆ ಇರಬಹುದು. ಕುತ್ತಿಗೆ ಉಬ್ಬಿ ಬಿಗಿಯುತ್ತದೆ, ಮಲಗಲಾಗದೆ ಎದ್ದು ಕೂರುವಂತಾಗುತ್ತದೆ, ಉಸಿರಿನಲ್ಲಿ ಸುಯ್ಯೆನ್ನುವ ಸದ್ದು ಬರುತ್ತದೆ. ಆಗ ಡಾಕ್ಟರು ಹೊಲಿಗೆ ಬಿಚ್ಚಿ ರಕ್ತ ಹೊರಬಿಡಬೇಕು. ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಅದೇ ದಿನ ಡಿಸ್ಚಾರ್ಜ್ ಮಾಡುತ್ತೇವೆ ಎಂದರೂ ನಮ್ಮವರು ಒಂದು ರಾತ್ರಿ ಉಳಿಯುತ್ತೇವೆಂದು ಕೇಳುವುದೇ ಮೇಲು. ಚಳಿಯೆಂದು ಮಫ್ಲರ್ ಸುತ್ತಬೇಡಿ, ಕುತ್ತಿಗೆ ಕಣ್ಣಿಗೆ ಕಾಣುತ್ತಿರಬೇಕು. ಮನೆಗೆ ಬಂದ ಮೇಲೆ ಹೀಗಾದರೆ ಹತ್ತಿರದ ಆಸ್ಪತ್ರೆಗೇ ಹೋಗಿ, 108ಕ್ಕೆ ಕರೆ ಮಾಡಿ. ಆಪರೇಷನ್ ಮಾಡಿದ ಡಾಕ್ಟರೇ ಬೇಕು ಎಂದು ಘಾಟಿ ಇಳಿಯುವ ಹೊತ್ತಲ್ಲ ಅದು.

ದನಿ: ಕೆಲವು ದಿನ ಗೊಗ್ಗರಾಗುವುದು ಸಹಜ, ಆಪರೇಷನ್ ಹೊತ್ತಿನಲ್ಲಿ ಉಸಿರಾಟಕ್ಕೆ ಗಂಟಲಲ್ಲಿ ಪೈಪ್ ಇಟ್ಟಿರುತ್ತಾರೆ. ಆದರೆ ಧ್ವನಿಪೆಟ್ಟಿಗೆಗೆ ಹೋಗುವ ನರ ಥೈರಾಯ್ಡ್‌ಗೆ ಅಂಟಿದಂತೆಯೇ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಸ್ವರ ಗಾಳಿ ಸೋರಿದಂತಾಗುತ್ತದೆ, ನೀರು ಕುಡಿದರೆ ನೆತ್ತಿಗೇರುತ್ತದೆ. ಧ್ವನಿಪೆಟ್ಟಿಗೆಗೇ ಹೋಗುವ ಇನ್ನೊಂದು ಸಣ್ಣ ನರವೂ ಇದೆ, ಅದಕ್ಕೆ ಪೆಟ್ಟಾದವರು ಮಾತಾಡುವುದು ಚೆನ್ನಾಗಿಯೇ ಇರುತ್ತದೆ, ತೋಟದ ಆ ತುದಿಯಲ್ಲಿರುವವರನ್ನು ಕೂಗಿ ಕರೆಯಲು ಹೋದಾಗ ಮಾತ್ರ ದನಿ ಏರುವುದಿಲ್ಲ. ಬಹುಪಾಲು ವಾರಗಳಲ್ಲೋ ತಿಂಗಳುಗಳಲ್ಲೋ ಸರಿಹೋಗುತ್ತದೆ. ಎರಡು ವಾರವಾದರೂ ಸುಧಾರಿಸದಿದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ.

ಕ್ಯಾಲ್ಸಿಯಂ: ರಕ್ತದಲ್ಲಿ ಇದು ಕಡಿಮೆಯಾಗಿ ತುಟಿ, ಬೆರಳ ತುದಿ ಜುಮ್ಮೆನ್ನುವುದು ಪೂರ್ತಿ ಥೈರಾಯ್ಡ್ ತೆಗೆಸಿದವರಲ್ಲಿ ಹೆಚ್ಚು. ನಿಮ್ಮಲ್ಲಿ ಇನ್ನೊಂದು ಬದಿಯ ಪ್ಯಾರಾಥೈರಾಯ್ಡ್‌ಗಳು, ಅಂದರೆ ಕ್ಯಾಲ್ಸಿಯಂ ಮಟ್ಟ ಕಾಯುವ ಪುಟ್ಟ ಗ್ರಂಥಿಗಳು, ಉಳಿದಿರುತ್ತವೆ. ಆದರೂ ಹಾಗಾದರೆ ಫೋನ್ ಮಾಡಿ ತಿಳಿಸಿ.

ಗಾಯ: ಕೆಂಪಾಗಿ ಕೀವು ಬಂದರೆ, ಜ್ವರ ಬಂದರೆ ತೋರಿಸಬೇಕು. ಕಾಫಿ ಮೂಟೆ ಎತ್ತುವುದು ಎರಡು ವಾರವಾದರೂ ಬೇಡ.

ಬಯಾಪ್ಸಿ ವರದಿಯನ್ನು ಮರೆಯದೆ ಪಡೆಯಿರಿ. ಕ್ಯಾನ್ಸರ್ ಕಂಡರೆ ಕೆಲವರಿಗೆ ಉಳಿದ ಬದಿಯನ್ನೂ ತೆಗೆಯಬೇಕಾಗುತ್ತದೆ.

ಆರರಿಂದ ಎಂಟು ವಾರಕ್ಕೆ: ಟಿಎಸ್‌ಎಚ್ ರಕ್ತಪರೀಕ್ಷೆ, ಅಂದರೆ ಉಳಿದ ಥೈರಾಯ್ಡ್ ಸಾಕಷ್ಟು ಕೆಲಸ ಮಾಡುತ್ತಿದೆಯೇ ಎಂದು ನೋಡುವುದು. ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಉಳಿದ ಅರ್ಧ ಸಾಲುವುದಿಲ್ಲ. ಸುಸ್ತು, ಮಲಬದ್ಧತೆ, ಚಳಿ ಇದರ ಲಕ್ಷಣ. ಮಡಿಕೇರಿಯ ಮಳೆಗಾಲದಲ್ಲಿ ಚಳಿ ಯಾರಿಗಿಲ್ಲ ಹೇಳಿ! ಅದಕ್ಕೇ ಲಕ್ಷಣ ನಂಬಿ ಕೂರದೆ ರಕ್ತ ಕೊಡಿ. ಆ ಕೊರತೆ ತುಂಬುವ ಥೈರಾಕ್ಸಿನ್ ಮಾತ್ರೆ ಬರೆದುಕೊಟ್ಟರೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಕಾಫಿಗೆ ಅರ್ಧದಿಂದ ಒಂದು ಗಂಟೆ ಕಾಯಿರಿ. ಹಾಲು ಹಾಕದ ಬೆಲ್ಲದ ಕಾಫಿಗೂ ರಿಯಾಯಿತಿ ಇಲ್ಲ, ಮಾತ್ರೆ ಮೈಗೆ ಹತ್ತದಂತೆ ತಡೆಯುವುದು ಕಾಫಿಯೇ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರವಿರಲಿ.